ಪಿನ್ನಿನ ಮೇಲೆ ತಿರುಗುವ ಗಾಲಿ

ನಿಪ್ಪಾಣಿಯ ಒಂದು ಲೇಥ್ ಅಂಗಡಿಯಲ್ಲಿ ನಾನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಟರ್ನರ್ ಆಗಿ ನಿಂತೆ. ‘ನಿಂತೆ’ ಎನ್ನುವುದೇ ಸರಿಯಾದ ಮಾತು. ತಿರುಗುವ ಕಬ್ಬಿಣದ ಮುಂದೆ ಕೂತು ಮಾಡುವ ಕೆಲಸವಲ್ಲ ಇದು. ಕಬ್ಬಿನ ಗಾಣದ ರೋಲರು, ಹೊಳೆಯ ಪಂಪಿನ ಶಾಫ್ಟು, ಟ್ರೇಲರಿನ ಆಕ್ಸಲ್ಲು, ಶಾಫ್ಟು ತಿರುಗುವ ಲೋಹದ ಬಳೆಗಳಾದ ಎಣಿಸಲಾರದಷ್ಟು ಬುಷ್ಷುಗಳು ನನ್ನ ಕೈಯಿಂದ ಹೋಗಿವೆ. ಯಾವಾಗ ಹೆಡ್ ಮಿಸ್ತ್ರಿಯಾದೆ, ಪಗಾರ ಯಾವಾಗ ಏರಿತು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದರಿಂದ ಓದುವವರಿಗೆ ಉಪಯೋಗವಿಲ್ಲ, ನನಗೂ ಸರಿಯಾಗಿ ನೆನಪಿಲ್ಲ.

ಐಟಿಐ ಮುಗಿಸಿ ಈ ಕಸುಬಿಗೆ ಬರುವವರು ಈಗಲೂ ಮನೆಗೆ ಬಂದಾಗ ಒಂದು ಪ್ರಶ್ನೆ ಕೇಳುತ್ತಾರೆ: “ಕಾಕಾ, ನೀವು ಮಾಡಿದ್ರಾಗ ಎಲ್ಲಾಕಿಂತ ದೊಡ್ಡ ಕೆಲಸ ಯಾವುದ್ರಿ?” ಸಕ್ಕರೆ ಕಾರ್ಖಾನೆಯ ಯಾವುದೋ ದೊಡ್ಡ ಶಾಫ್ಟಿನ ಹೆಸರು ಹೇಳುತ್ತೇನೆ ಎಂದು ಕಾಯುತ್ತಾರೆ. ನಾನು ಹೇಳುವುದು ಅಂಗೈಯಲ್ಲಿ ಹಿಡಿಸುವ ಒಂದು ಗಾಲಿಯ ಸಂಗತಿ. ಗಾಳ ಹಾಕುವವರು ಕೋಲಿಗೆ ಕಟ್ಟಿಕೊಳ್ಳುವ ರೀಲು. ಅವರು ನಗುತ್ತಾರೆ. ನಾನು ನಗಲಿ ಎಂದು ಬಿಟ್ಟು ಆಮೇಲೆ ಹೇಳಲು ಶುರುಮಾಡುತ್ತೇನೆ.

ನಾನು ಚಿಕ್ಕೋಡಿ ತಾಲ್ಲೂಕಿನ ಕರೋಶಿಯವನು. ಅಪ್ಪನಿಗೆ ಸ್ವಲ್ಪ ಹೊಲ, ನಾಲ್ಕು ಎಮ್ಮೆ. ಮನೆಯಲ್ಲಿ ಕಬ್ಬಿಣದ ಸಾಮಾನು ಎಂದರೆ ಕುಡುಗೋಲು ಮತ್ತು ಗುದ್ದಲಿ. ಹಾಗಿದ್ದ ನಾನು ಎಂಬತ್ತರ ದಶಕದ ಆರಂಭದಲ್ಲಿ ಬಾಬುರಾವ್ ಮಿಸ್ತ್ರಿಯವರ ಅಂಗಡಿ ಸೇರಿದೆ. ಮಾಲಕರೂ ಅವರೇ, ಗುರುಗಳೂ ಅವರೇ. ಅರ್ಧ ಮಾತು ಕನ್ನಡ, ಅರ್ಧ ಮರಾಠಿ. ಸಿಟ್ಟು ಬಂದರೆ ಪೂರ್ತಿ ಮರಾಠಿ. ಅಳತೆಯ ಉಪಕರಣವನ್ನು ಕಡಿಮೆ ನಂಬುತ್ತಿದ್ದರು. ತಿರುಗಿಸಿದ ಶಾಫ್ಟಿನ ಮೇಲೆ ಹೆಬ್ಬೆರಳಿನ ಉಗುರು ಎಳೆದು “ಇಲ್ಲೆ ಜರಾ ಜಾಸ್ತಿ ಐತಿ” ಎನ್ನುತ್ತಿದ್ದರು. ನಾನು ಮೈಕ್ರೋಮೀಟರ್ ಹಿಡಿದು ನೋಡಿದರೆ ಅಲ್ಲಿ ಕೂದಲೆಳೆಯಷ್ಟು ಹೆಚ್ಚೇ ಇರುತ್ತಿತ್ತು.

ಮೊದಲ ರೀಲು ತಂದವರು ಕೊಗನೊಳ್ಳಿಯ ಸುಬೇದಾರರು. ಸೈನ್ಯದಿಂದ ನಿವೃತ್ತರಾಗಿ ಊರಿಗೆ ಬಂದವರು. ಬೆಳಿಗ್ಗೆ ದೂಧಗಂಗೆಯ ದಂಡೆಗೆ ಹೋಗಿ ಗಾಳ ಹಾಕಿ ಕೂರುವುದು ಅವರ ದಿನಚರಿ. ಆ ದಿನ ಅವರು ಟವೆಲಿನಲ್ಲಿ ಸುತ್ತಿ ತಂದಿದ್ದ ವಸ್ತುವನ್ನು ನನ್ನ ಲೇಥಿನ ಪಕ್ಕ ಇಟ್ಟು ಬಿಚ್ಚಿದರು.

“ತಮ್ಮಾ, ಇದಕ್ಕ ಸೆಂಟರ್‌ಪಿನ್ ರೀಲ್ ಅಂತಾರ. ನನ್ನ ಟ್ರಂಕಿನಾಗ ದೇಶಾ ಎಲ್ಲಾ ತಿರಗೇತಿ. ಪಿನ್ನ ಸವದೈತಿ. ಹೊಸಾದು ಮಾಡಿ ಕೊಡ್ತೀಯೇನು?”

ನಾನು ಬಿಚ್ಚಿ ನೋಡಿದೆ. ಇಷ್ಟು ಸರಳವಾದ ಯಂತ್ರವನ್ನು ಅದುವರೆಗೆ ನೋಡಿರಲಿಲ್ಲ. ಹಿಂದೆ ಒಂದು ತಟ್ಟೆ. ತಟ್ಟೆಯ ನಟ್ಟನಡುವೆ ಒಂದು ಉಕ್ಕಿನ ಪಿನ್ನು, ಗೋಡೆಗೆ ಹೊಡೆದ ಮೊಳೆಯಂತೆ ಅಲುಗಾಡದೆ ನಿಂತಿದೆ. ಆ ಪಿನ್ನಿನ ಮೇಲೆ ಒಂದು ಗಾಲಿ. ಗಾಲಿಗೆ ನೈಲಾನ್ ದಾರ ಸುತ್ತಿದೆ, ಮುಂದೆ ಹಿಡಿದು ತಿರುಗಿಸಲು ಎರಡು ಗುಬ್ಬಿಗಳಿವೆ. ಗೇರಿಲ್ಲ, ಬೆಲ್ಟಿಲ್ಲ. ಕೈ ಒಂದು ಸುತ್ತು ಹಾಕಿದರೆ ಗಾಲಿ ಒಂದು ಸುತ್ತು. ಅಷ್ಟೇ.

ಇಷ್ಟು ಸರಳ ಕಂಡದ್ದಕ್ಕೇ ನಾನು ಕೆಟ್ಟೆ. ಒಂದೇ ದಿನದಲ್ಲಿ ಹೊಸ ಪಿನ್ನು ತಿರುಗಿಸಿ, ಎಮರಿ ಕಾಗದ ಹೊಡೆದು ಕನ್ನಡಿಯಂತೆ ಮಾಡಿ, ಗಾಲಿಯ ಒಳಗಿನ ಬುಷ್ಷಿಗೆ ಪಂಪಿಗೆ ಹಾಕುವ ಗ್ರೀಸನ್ನು ಬೆರಳಿನಿಂದ ತುಂಬಿ, ಸುಬೇದಾರರ ಕೈಗೆ ಕೊಟ್ಟೆ. ಮೂರನೇ ದಿನ ಅವರು ಸೈಕಲ್ ಮೇಲೆ ಬಂದರು. ಸೈಕಲ್ ನಿಲ್ಲಿಸುವ ಮೊದಲೇ ಕೂಗತೊಡಗಿದರು.

“ಏನ ಮಾಡೀಯೋ ಇದನ್ನ? ಹೊಳಿ ಹರಿಯಾಕತ್ತೈತಿ, ನನ್ನ ಬೆಂಡು ಮಾತ್ರ ಗೂಟಕ್ಕ ಕಟ್ಟಿದ ಎಮ್ಮೀಗತೆ ಒಂದ ಕಡೆ ನಿಂತೈತಿ!”

ಬಾಬುರಾವ್ ಗಾಲಿಯನ್ನು ಪಿನ್ನಿನಿಂದ ಎಳೆದು ಒಳಗೆ ಬೆರಳಿಟ್ಟರು. ಬೆರಳು ಗ್ರೀಸ್ ಮೆತ್ತಿಕೊಂಡು ಹೊರಗೆ ಬಂತು. ಅದನ್ನು ನನ್ನ ಮೂಗಿನ ಮುಂದೆ ಹಿಡಿದರು.

“ಹೇ ಕಾಯ್, ಏನಿದು? ಲೇ ಅಣ್ಣಪ್ಪಾ, ಇದನ್ನ ಹತ್ತು ಎಚ್‌ಪಿ ಮೋಟರ್ ತಿರಗಸೂದಿಲ್ಲೋ. ಒಂದು ಬೆಂಡು ತಿರಗಸಬೇಕು!”

ಆ ಒಂದು ಮಾತಿನಲ್ಲಿ ಇಡೀ ರೀಲಿನ ಗುಟ್ಟಿತ್ತು. ನನಗೆ ಅದು ಅರ್ಥವಾದದ್ದು ಮುಂದಿನ ರಜಾದಿನ. ಸುಬೇದಾರರು ಸಿಟ್ಟು ಇಳಿದ ಮೇಲೆ ನನ್ನನ್ನು ಹೊಳೆಗೆ ಕರೆದೊಯ್ದರು. ಸೀಮೆಎಣ್ಣೆಯಲ್ಲಿ ತೊಳೆದು, ಹೊಲಿಗೆ ಯಂತ್ರದ ಎಣ್ಣೆ ಒಂದೇ ಹನಿ ಹಾಕಿದ ಅದೇ ರೀಲು. ಅವರು ಗಾಳದ ದಾರಕ್ಕೆ ಕಟ್ಟಿದ, ನೀರಿನ ಮೇಲೆ ತೇಲುವ ಬೆಂಡನ್ನು ಕಾಲ ಬುಡದಲ್ಲೇ ನೀರಿಗೆ ಬಿಟ್ಟರು. ಬೆಂಡು ಹರಿವಿನ ಜೊತೆ ಹೊರಟಿತು. ಅದು ಹೋದಂತೆ ದಾರ ಎಳೆಯಿತು, ದಾರ ಎಳೆದಂತೆ ಗಾಲಿ ತಿರುಗಿತು. ಯಾರೂ ಮುಟ್ಟುತ್ತಿರಲಿಲ್ಲ. ಹೊಳೆಯೇ ರೀಲನ್ನು ತಿರುಗಿಸುತ್ತಿತ್ತು.

“ನೋಡು,” ಎಂದರು ಅವರು. “ಮೀನಕ್ಕ ಅನುಮಾನ ಬರಬಾರದು. ನೀರಿನಾಗ ಬಂದ ಕಾಳು ಹ್ಯಾಂಗ ಹೊಕ್ಕೈತಿ, ಗಾಳಾನೂ ಹಂಗ ಹೋಗಬೇಕು. ಗಾಲಿ ಎಳ್ಳಷ್ಟು ಹಿಡಿದ್ರ ದಾರ ಬಿಗಿ ಆಕ್ಕೈತಿ. ದಾರ ಬಿಗಿ ಆದ್ರ ಬೆಂಡು ನಡು ಹೊಳಿ ಬಿಟ್ಟು ದಂಡಿಗೆ ಬರತೈತಿ.”

ಹೇಳಿದ್ದನ್ನು ಮಾಡಿಯೂ ತೋರಿಸಿದರು. ಗಾಲಿಯ ಅಂಚಿಗೆ ಹೆಬ್ಬೆರಳು ತಾಗಿಸಿದರು. ದೂರದಲ್ಲಿದ್ದ ಬೆಂಡು ನಿಧಾನವಾಗಿ ದಂಡೆಯ ಕಡೆ ಸರಿಯಿತು. ಬೆರಳು ಎತ್ತಿದರು, ಮತ್ತೆ ಹರಿವಿಗೆ ಬಿದ್ದು ನೇರ ಹೊರಟಿತು. ಬ್ರೇಕು ಎಂದರೆ ಅವರ ಹೆಬ್ಬೆರಳೇ. ನಾನು ಮಾಡಿಕೊಟ್ಟ ಪಿನ್ನಿನ ಮೇಲೆ ಅದು ನಡೆಯುತ್ತಿದೆ ಎಂದು ತಿಳಿದಾಗ ನನಗಾದ ಸಂತೋಷವನ್ನು ನಾನು ಯಾರಿಗೂ ಹೇಳಲಿಲ್ಲ. ಸುಬೇದಾರರಿಗೆ ಮಾತ್ರ ಕಂಡಿರಬೇಕು. ಹಿಡಿದ ಎರಡು ರಾಹು ಮೀನಿನಲ್ಲಿ ಒಂದನ್ನು ನನಗೆ ಕೊಟ್ಟರು.

ಅಲ್ಲಿಂದ ರೀಲುಗಳು ಬರತೊಡಗಿದವು. ಗಾಳ ಹಾಕುವವರು ಒಬ್ಬರಿಗೊಬ್ಬರು ಗೊತ್ತಿರುತ್ತಾರೆ. ಒಬ್ಬರ ಬಾಯಿಂದ ಇನ್ನೊಬ್ಬರಿಗೆ ಸುದ್ದಿ ಹೋಗುತ್ತದೆ. ಹಾರೂಗೇರಿಯಿಂದ, ರಾಯಬಾಗದಿಂದ, ಬಸ್ಸಿನ ಕಂಡಕ್ಟರ ಕೈಯಲ್ಲಿ ಕೂಡ ರೀಲು ಕಳಿಸುತ್ತಿದ್ದರು. ಎಲ್ಲವೂ ಒಂದೇ ಪಿನ್ನಿನ ಮೇಲೆ ತಿರುಗುವ ಗಾಲಿಗಳೇ, ಆದರೆ ಒಂದೊಂದರ ಸ್ವಭಾವ ಒಂದೊಂದು. ಕೆಲವು ಸುಬೇದಾರರದ್ದರಂತೆ ಬರೀ ಪಿನ್ನು-ಬುಷ್ಷಿನವು. ಕೆಲವಕ್ಕೆ ಗಾಲಿಯ ಒಳಗೆ ಎರಡು ಬಾಲ್ ಬೇರಿಂಗು; ಒಮ್ಮೆ ತಿರುಗಿಸಿ ಬಿಟ್ಟರೆ ಚಹಾ ಕುಡಿದು ಬರುವವರೆಗೂ ತಿರುಗುತ್ತಲೇ ಇರುವಂಥವು. ಒಂದಿಬ್ಬರ ಬಳಿ ಅಜ್ಜನ ಕಾಲದ ಕಟ್ಟಿಗೆಯ ಗಾಲಿ ಇತ್ತು. ಅದು ಮಳೆಗಾಲದಲ್ಲಿ ನೀರು ಕುಡಿದು ಉಬ್ಬಿ ತಟ್ಟೆಗೆ ಉಜ್ಜುತ್ತಿತ್ತು, ಬೇಸಿಗೆಯಲ್ಲಿ ಒಣಗಿ ಗಡಗಡ ಅನ್ನುತ್ತಿತ್ತು. ಅದಕ್ಕೆ ನನ್ನಲ್ಲಿ ಮದ್ದಿರಲಿಲ್ಲ.

ಚಿಕ್ಕೋಡಿಯ ವಕೀಲರೊಬ್ಬರು ತಂದದ್ದು ಇನ್ನೊಂದು ಜಾತಿ. ಅದರ ಗಾಲಿಯನ್ನು ಬಾಗಿಲಿನಂತೆ ಪಕ್ಕಕ್ಕೆ ತಿರುಗಿಸಬಹುದಿತ್ತು. ಎಸೆಯುವಾಗ ಗಾಲಿಯ ಮುಖವನ್ನು ಕೋಲಿನ ತುದಿಯ ಕಡೆ ಮಾಡಿದರೆ ಗಾಲಿ ತಿರುಗದೆಯೇ ದಾರ ಅಂಚಿನಿಂದ ಜಾರಿ ಹೋಗುತ್ತದೆ. ಹಗುರ ಗಾಳವೂ ದೂರ ಬೀಳುತ್ತದೆ. ಸುತ್ತಿಕೊಳ್ಳುವಾಗ ಮತ್ತೆ ನೇರ ಮಾಡಬೇಕು. ವಕೀಲರ ತಕರಾರು, ದಾರ ದಿನದಿನಕ್ಕೆ ಹುರಿಗೊಂಡು ಗಂಟಾಗುತ್ತಿದೆ ಎಂದು. ನಾನು ಎರಡು ದಿನ ಕೂತು ಗಾಲಿ ಬಿಚ್ಚಿದೆ, ಅಂಚು ಉಜ್ಜಿದೆ, ಪಿನ್ನು ಅಳೆದೆ. ಎಲ್ಲಿಯೂ ದೋಷವಿಲ್ಲ. ಕೊನೆಗೆ ಒಂದು ದಾರಕ್ಕೆ ಬಣ್ಣ ಹಚ್ಚಿ ಎಳೆದು ನೋಡಿದಾಗ ತಿಳಿಯಿತು: ಅಂಚಿನಿಂದ ಜಾರುವ ಒಂದೊಂದು ಸುತ್ತಿಗೂ ದಾರ ಒಂದೊಂದು ಹುರಿ ತಿರುಚಿಕೊಳ್ಳುತ್ತದೆ, ಸುತ್ತುವಾಗ ಅದು ಬಿಚ್ಚುವುದಿಲ್ಲ. ದೋಷ ಆ ರೀಲಿನದಲ್ಲ, ಆ ಜಾತಿಯದು. ದಾರದ ತುದಿಗೆ ತಾನೇ ತಿರುಗುವ ಒಂದು ಸಣ್ಣ ಕೊಂಡಿ ಮಾಡಿ ಹಾಕಿ, “ಇದರ ಗುಣಾನ ಇಷ್ಟ್ರಿ ವಕೀಲ್ರ, ಇದು ಸ್ವಲ್ಪ ಕಡಿಮಿ ಮಾಡತೈತಿ” ಎಂದು ಕೊಟ್ಟೆ. ಈ ಕಸುಬಿಗೆ ಬರುವವರು ಇದನ್ನು ಬರೆದಿಟ್ಟುಕೊಳ್ಳಬೇಕು. ಸಾಮಾನು ಬಿಚ್ಚುವ ಮೊದಲು ಅದು ಹೇಗೆ ನಡೆಯಬೇಕಾದದ್ದು ಎಂದು ಕೇಳಿ ತಿಳಿಯಿರಿ.

ನಾನು ಅದನ್ನು ಕೇಳದೆ ಮಾಡಿದ ಎಡವಟ್ಟಿನ ಕಥೆ ಈಗ ಹೇಳಬೇಕು.

ಕೃಷ್ಣಾ ದಂಡೆಯಲ್ಲಿ, ಈಗಿನ ಕಾಗವಾಡ ತಾಲ್ಲೂಕಿನಲ್ಲಿ, ಅಪ್ಪಾಸಾಬ ಎಂಬ ಸಾವಕಾರರಿದ್ದರು. ಆಗ ಕಾಗವಾಡ ಅಥಣಿ ತಾಲ್ಲೂಕಿಗೇ ಸೇರಿತ್ತು. ಹೊಳೆಯ ಮಗ್ಗುಲಿಗೆ ಕಬ್ಬು, ಮೇಲಿನ ಜಮೀನಿನಲ್ಲಿ ದ್ರಾಕ್ಷಿ. ಜೀಪಿನ ಹಿಂದೆ ಯಾವಾಗಲೂ ಗಾಳದ ಕೋಲು. ಅವರದು ದೊಡ್ಡ ಬೇರಿಂಗ್ ರೀಲು, ಹಿತ್ತಾಳೆಯ ತೂಕದ ಗಾಲಿ. ಒಂದು ಗುಬ್ಬಿ ಮುರಿದಿದೆ ಎಂದು ಕೊಟ್ಟು ಹೋದರು. ನಾನು ಗುಬ್ಬಿ ಹಾಕಿ ತಿರುಗಿಸಿದರೆ ಒಳಗಿಂದ ಕಟಕಟ ಸಪ್ಪಳ. ಬಿಚ್ಚಿ ನೋಡಿದೆ. ಗಾಲಿಯ ಬೆನ್ನಿಗೆ ಹಲ್ಲಿನ ಚಕ್ರ, ಅದಕ್ಕೆ ತಾಗುವಂತೆ ನಾಲಗೆಯಂಥ ಒಂದು ಉಕ್ಕಿನ ತುಂಡು, ಹಿಂದೆ ಸ್ಪ್ರಿಂಗು. ಸಾವಕಾರರು ಒಳ್ಳೆಯವರು, ಸಪ್ಪಳವನ್ನೂ ತೆಗೆದುಕೊಡೋಣ ಎಂದು ನಾಲಗೆ, ಸ್ಪ್ರಿಂಗು ಎರಡನ್ನೂ ತೆಗೆದು ಡಬ್ಬಿಗೆ ಹಾಕಿದೆ. ಗಾಲಿ ಹೂವಿನಂತೆ ತಿರುಗಿತು.

ಹದಿನೈದು ದಿನದ ಮೇಲೆ ಜೀಪು ಅಂಗಡಿಯ ಮುಂದೆ ನಿಂತಿತು. ಅಪ್ಪಾಸಾಬರ ಎಡಗೈ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು.

“ಅಣ್ಣಪ್ಪಾ, ನನ್ನ ರೀಲಿನಾಗಿನ ಸಪ್ಪಳ ಎಲ್ಲಿ ಹೋತು?”

“ನಾನ ತಗದೇನ್ರಿ ಸಾವಕಾರ್ರ,” ಎಂದೆ ನಾನು, ಶಹಬ್ಬಾಸ್ ಸಿಗುತ್ತದೆ ಎಂಬ ನಂಬಿಕೆಯಿಂದ.

“ಅದು ಸಪ್ಪಳ ಅಲ್ಲೋ, ಅದು ಲಗಾಮು! ನಿನ್ನಿ ಒಂದು ಬಾಳಿ ಮೀನ ಹಿಡೀತು. ಇಷ್ಟುದ್ದ ಇತ್ತು. ಒಮ್ಮೆ ಜಗ್ಗಿ ನಿಂತು ಬಿಡ್ತು. ಮೀನ ನಿಂತ್ರೂ ಗಾಲಿ ನಿಲ್ಲವಲ್ದು, ತಿರಗೇ ತಿರಗ್ತು. ದಾರ ಎಲ್ಲಾ ಉಬ್ಬಿ ಗುಬ್ಬೀ ಗೂಡಾತು. ಹಿಡಿಯಾಕ ಹೋಗಿ ಬೆರಳು ಹರಕೊಂಡೆ. ಮೀನ ದಾರ ಕಡಕೊಂಡು ಹೋತು.”

ಕಟಕಟ ಅನ್ನುವ ಆ ನಾಲಗೆಯೇ ಗಾಲಿಯನ್ನು ಅಂಕೆಯಲ್ಲಿಡುವುದು. ಬೇಕಾದಾಗ ಹಾಕಿಕೊಳ್ಳಲು, ಬೇಡವಾದಾಗ ಸರಿಸಲು ಪಕ್ಕದಲ್ಲಿ ಒಂದು ಸಣ್ಣ ಕೀಲಿಯೂ ಇತ್ತು. ನಾನು ಅದನ್ನು ನೋಡಿಯೂ ಏಕೆಂದು ಕೇಳಿಕೊಂಡಿರಲಿಲ್ಲ. ಬಾಬುರಾವ್ ಅವತ್ತು ಬಯ್ಯಲಿಲ್ಲ. ಡಬ್ಬಿಯಿಂದ ನಾಲಗೆ ಮತ್ತು ಸ್ಪ್ರಿಂಗನ್ನು ಹುಡುಕಿ ನನ್ನ ಕೈಗೆ ಕೊಟ್ಟು, “ಬಸವ್” ಎಂದರು. ಕೂಡಿಸು ಎಂದು ಅರ್ಥ. ಅಪ್ಪಾಸಾಬರು ಪಕ್ಕದಲ್ಲಿ ನಿಂತಿರುವಂತೆಯೇ ಕೂಡಿಸಿದೆ. ಅವರ ಬೆರಳಿನ ಬಟ್ಟೆಯನ್ನು ನೋಡಲಾಗದೆ ತಲೆ ತಗ್ಗಿಸಿಯೇ ಇದ್ದೆ.

ಹೋಗುವಾಗ ಅವರು ಬಾಗಿಲಲ್ಲಿ ತಿರುಗಿ ನಿಂತರು. “ಸುಬೇದಾರರ ರೀಲ ನೋಡೇನಿ. ಬರೇ ಪಿನ್ನಿಂದು, ಹಗರಂದು. ಅಂಥಾದ ಒಂದು ನನಗ ಮಾಡಿಕೊಡತೀ ಏನು? ಹೊಸಾದು, ಪೂರಾ ನಿನ್ನ ಕೈಲೆ.”

ತಪ್ಪು ಮಾಡಿದವನ ಕೈಗೆ ಹೊಸ ಕೆಲಸ ಕೊಡುವವರು ಎಷ್ಟು ಜನ ಇರುತ್ತಾರೆ? ನಾನು “ಹ್ಞೂಂರಿ” ಎಂದೆ. ಏಳು ತಿಂಗಳು ಹಿಡಿಯಿತು.

ಹಗಲು ಅಂಗಡಿಯ ಕೆಲಸ, ನಡುವೆ ಲೈಟು ಹೋಗುತ್ತಿತ್ತು, ಬಿಡುವಾದಾಗ ರೀಲು. ಟ್ರ್ಯಾಕ್ಟರಿನ ಹಳೆಯ ಪಿಸ್ಟನ್ನುಗಳನ್ನು ಕರಗಿಸಿ ಅಲ್ಯುಮಿನಿಯಮ್ ಗಟ್ಟಿ ಮಾಡಿಸಿಕೊಂಡೆ. ಅದರಿಂದ ಗಾಲಿ ತಿರುಗಿಸಿ, ಅಂಚು ತೆಳುವಾಗುವವರೆಗೆ ತೆಗೆದು, ಮೈತುಂಬ ತೂತು ಹಾಕಿ ಹಗುರ ಮಾಡಿದೆ. ಗಾಲಿ ಹಗುರವಾದಷ್ಟೂ ಬೇಗ ಹೊರಡುತ್ತದೆ, ಬೇಗ ನಿಲ್ಲುತ್ತದೆ. ಪಿನ್ನು ಗಟ್ಟಿ ಉಕ್ಕಿನದು. ಕೆಂಪಗೆ ಕಾಯಿಸಿ ಎಣ್ಣೆಗೆ ಅದ್ದಿ, ಮತ್ತೆ ಹದಕ್ಕೆ ಕಾಯಿಸಿ, ಒಣ ಹುಲ್ಲಿನ ಬಣ್ಣ ಬಂದಾಗ ತಣಿಸಿದ್ದು. ಪಿನ್ನಿನ ತುದಿಗೆ ಮೊನೆ ಮಾಡಿ, ಗಾಲಿ ಆ ಮೊನೆಯ ಮೇಲೆ ಮತ್ತು ಬುಡದ ಸಣ್ಣ ಬಳೆಯ ಮೇಲೆ ಮಾತ್ರ ತಾಗುವಂತೆ ಮಾಡಬೇಕು. ನಡುವೆ ಎಲ್ಲೂ ತಾಗಕೂಡದು. ಗುಬ್ಬಿಗಳಿಗೆ ಕರೋಶಿಯಿಂದ ಎಮ್ಮೆಯ ಕೊಂಬು ತಂದು ತಿರುಗಿಸಿದೆ. ಲೇಥಿನ ಮೇಲೆ ಕೊಂಬಿನ ವಾಸನೆ ಎರಡು ದಿನ ಹೋಗಲಿಲ್ಲ, ಅಂಗಡಿಯವರೆಲ್ಲ ಮೂಗು ಮುಚ್ಚಿಕೊಂಡರು.

ಬಾಬುರಾವರ ಪರೀಕ್ಷೆ ಹೀಗಿತ್ತು. ಗಾಲಿಯ ದಾರದ ತುದಿಗೆ ಹತ್ತು ಪೈಸೆಯ ಒಂದು ಅಲ್ಯುಮಿನಿಯಮ್ ನಾಣ್ಯ ಕಟ್ಟಿ ಇಳಿಬಿಡುವುದು. ನಾಣ್ಯದ ಭಾರಕ್ಕೇ ಗಾಲಿ ತಾನಾಗಿ ಹೊರಡಬೇಕು. ಮೊದಲ ಪಿನ್ನಿಗೆ ಗಾಲಿ ಅಲುಗಲಿಲ್ಲ. ಎರಡನೆಯದಕ್ಕೆ ಹೊರಟು ಅರ್ಧ ಸುತ್ತಿಗೆ ನಿಂತಿತು. “ಪುನ್ನಾ,” ಎಂದು ಎರಡು ಸಲವೂ ಪಿನ್ನನ್ನು ಗುಜರಿಗೆ ಎಸೆದರು. ಮತ್ತೊಮ್ಮೆ ಮಾಡು ಎಂದು ಅರ್ಥ. ಮೂರನೆಯ ಪಿನ್ನನ್ನು ನಾನು ಮೈಕ್ರೋಮೀಟರಿನಲ್ಲಿ ಅಳೆದೆ, ಆಮೇಲೆ ಮೊದಲ ಸಲ ಅವರಂತೆಯೇ ಉಗುರನ್ನೂ ಎಳೆದು ನೋಡಿದೆ. ಒಂದು ಕಡೆ ಉಗುರು ಹಿಡಿಯಿತು. ಅಲ್ಲಿ ಎಮರಿಯನ್ನು ನಾಲ್ಕು ಸಲ ಆಡಿಸಿದೆ. ಅವತ್ತು ನಾಣ್ಯ ಸದ್ದಿಲ್ಲದೆ ನೆಲ ಮುಟ್ಟಿತು. ಬಾಬುರಾವ್ ನಾಣ್ಯ ಬಿಚ್ಚಿ ಜೇಬಿಗೆ ಹಾಕಿಕೊಂಡು ಚಹಾಕ್ಕೆ ಹೋದರು.

ರೀಲು ಸಿದ್ಧವಾದದ್ದು ಮಳೆಗಾಲದಲ್ಲಿ. ಅದೇ ವಾರ ಅಪ್ಪಾಸಾಬರಿಂದ ಫೋನು ಬಂತು: ಘಟ್ಟದ ಮೇಲೆ ಮಳೆ ಜೋರಾಗಿದೆ, ಹೊಳೆ ಏರುತ್ತಿದೆ, ಜ್ಯಾಕ್‌ವೆಲ್ಲಿನ ಮೋಟಾರು ಮೇಲಕ್ಕೆ ಎತ್ತಬೇಕು, ಮೋಟಾರನ್ನು ಪಂಪಿಗೆ ಜೋಡಿಸುವ ಕಪ್ಲಿಂಗು ಬಿಚ್ಚುತ್ತಿಲ್ಲ, ಅಣ್ಣಪ್ಪನನ್ನು ಕಳಿಸಿ. ಹೊಳೆಯಿಂದ ಹೊಲಕ್ಕೆ ನೀರೆತ್ತಲು ನೀರಿನೊಳಗೇ ಕಟ್ಟಿದ ಎತ್ತರದ ಕಾಂಕ್ರೀಟು ಬಾವಿಗೆ ನಮ್ಮ ಕಡೆ ಜ್ಯಾಕ್‌ವೆಲ್ ಎನ್ನುತ್ತಾರೆ. ಮೇಲೆ ಕಟ್ಟೆ, ಕಟ್ಟೆಯ ಮೇಲೆ ಮೋಟಾರು, ದಂಡೆಯಿಂದ ಅಲ್ಲಿಗೆ ಕಬ್ಬಿಣದ ಕಿರುಸೇತುವೆ. ನಾನು ಪಾನಾ, ಸ್ಪ್ಯಾನರುಗಳ ಚೀಲದಲ್ಲಿ ಹೊಸ ರೀಲನ್ನೂ ಇಟ್ಟುಕೊಂಡು ಬೆಳಿಗ್ಗೆಯ ಬಸ್ಸು ಹಿಡಿದೆ. ಕೆಲಸ ಮುಗಿಸಿ ಅದನ್ನೂ ಕೈಯಾರೆ ಕೊಟ್ಟು ಬರುವ ಆಸೆ.

ನಾನು ತಲುಪಿದಾಗ ದಂಡೆಯ ಮೇಲೆ ಜನ ಸೇರಿದ್ದರು. ಕಿರುಸೇತುವೆ ಇರಲಿಲ್ಲ. ತೇಲಿ ಬಂದ ಒಂದು ದೊಡ್ಡ ಮರ ಬಡಿದು ಅದನ್ನು ಕಿತ್ತುಕೊಂಡು ಹೋಗಿತ್ತು. ಜ್ಯಾಕ್‌ವೆಲ್ಲಿನ ಕಟ್ಟೆಯ ಮೇಲೆ ಇಬ್ಬರು ನಿಂತಿದ್ದರು. ಪಂಪು ನೋಡಿಕೊಳ್ಳುವ ಲಗಮಣ್ಣ ಮತ್ತು ಅವನ ತಮ್ಮ. ನಾನು ಬರುವ ಮೊದಲು ಅರ್ಧ ಕೆಲಸವಾದರೂ ಆಗಲಿ ಎಂದು ಹೋಗಿದ್ದವರು. ಕೆಂಪು ನೀರು ಅವರ ಕಾಲಿಗಿಂತ ಎರಡಾಳು ಕೆಳಗಿತ್ತು, ಏರುತ್ತಿತ್ತು.

ಅಥಣಿಗೆ ಸುದ್ದಿ ಹೋಗಿತ್ತು. ಆದರೆ ದಾರಿಯ ಹಳ್ಳ ತುಂಬಿ ಬಂದಿದ್ದರಿಂದ ಸಹಾಯ ಬರುವುದು ಯಾವಾಗಲೋ. ದಂಡೆಯಲ್ಲಿ ಅಂಬಿಗರಿಬ್ಬರು ದೋಣಿಯೊಂದಿಗೆ ತಯಾರಿದ್ದರು. ಹಿರಿಯ ಅಂಬಿಗ ಅಪ್ಪಾಸಾಬರಿಗೆ ಹೇಳುತ್ತಿದ್ದ: “ಹೋಗಾಕ ಅಂಜಿಕಿ ಇಲ್ರಿ ಸಾವಕಾರ್ರ. ಆದ್ರ ಹುಟ್ಟಿನ ಮ್ಯಾಲ ಈ ಸೆಳವು ನಿಲ್ಲೂದಿಲ್ಲ. ಅವರನ್ನ ದಾಟಿ ಹೋಗಿಬಿಡ್ತೀವಿ. ಆ ಕಟ್ಟಿಗೆ ಒಂದು ಹಗ್ಗ ಮುಟ್ಟಿಸಿ ಕೊಡ್ರಿ, ಹಗ್ಗಾ ಹಿಡಕೊಂಡು ಹೋಗಿ ಕರಕೊಂಡು ಬರ್ತೀವಿ.”

ಹಗ್ಗ ಮುಟ್ಟಿಸುವುದೇ ಆಗುತ್ತಿರಲಿಲ್ಲ. ಕಲ್ಲಿಗೆ ಕಟ್ಟಿ ಎಸೆದರು, ಅರ್ಧ ದಾರಿಗೂ ಹೋಗಲಿಲ್ಲ. ಅಪ್ಪಾಸಾಬರು ನೀರು ನೋಡುತ್ತ ನಿಂತಿದ್ದರು. ಮೇಲುಗಡೆ, ಸುಮಾರು ಅರವತ್ತು ಮಾರು ದೂರದಲ್ಲಿ, ದಂಡೆ ಹೊಳೆಯೊಳಗೆ ಚಾಚಿಕೊಂಡಿತ್ತು. ಅಲ್ಲಿಂದ ಸಿಡಿದ ನೊರೆ ನೇರ ಜ್ಯಾಕ್‌ವೆಲ್ಲಿಗೆ ಹೋಗಿ ಬಡಿಯುತ್ತಿತ್ತು. ಅವರೂ ಅದನ್ನೇ ನೋಡುತ್ತಿದ್ದರು, ನಾನೂ ಅದನ್ನೇ.

“ಬೆಂಡು,” ಎಂದೆ ನಾನು.

“ಹೌದು, ಬೆಂಡು,” ಎಂದರು ಅವರು, ಜೀಪಿನ ಕಡೆ ಓಡುತ್ತ.

ಖಾಲಿ ಎಣ್ಣೆಯ ಪ್ಲಾಸ್ಟಿಕ್ ಡಬ್ಬಿಗೆ ಮುಷ್ಟಿ ಮರಳು ಹಾಕಿ ಬಾಯಿ ಬಿಗಿದೆವು. ಅದೇ ನಮ್ಮ ಬೆಂಡು. ಅದರ ದಾರ ಕಟ್ಟೆಗೆ ಮುಟ್ಟಿದರೆ, ದಾರದ ಹಿಂದೆ ಹಗ್ಗ ಕಳಿಸಬಹುದು. ಅಪ್ಪಾಸಾಬರು ತಮ್ಮ ದೊಡ್ಡ ಬೇರಿಂಗ್ ರೀಲಿನ ಕೋಲು ತಂದರು. ಚಾಚಿದ ದಂಡೆಯ ತುದಿಗೆ ನಿಂತು ಡಬ್ಬಿ ಬಿಟ್ಟರು. ಮೊದಲು ಲಗಾಮಿನ ನಾಲಗೆ ಹಾಕಿಕೊಂಡೇ ಬಿಟ್ಟರು. ರೀಲು ಕಟಕಟ ಅನ್ನುತ್ತ ದಾರ ಕೊಟ್ಟಿತು, ಆದರೆ ಆ ಹಿಡಿತಕ್ಕೆ ದಾರ ಬಿಗಿಯಾಗಿ ಡಬ್ಬಿ ವಾಲುತ್ತ ವಾಲುತ್ತ ದಂಡೆಗೇ ಬಂದು ಮುಳ್ಳುಕಂಟಿಗೆ ಸಿಕ್ಕಿತು. ಎಳೆದುಕೊಂಡು, ನಾಲಗೆ ಸರಿಸಿ ಮತ್ತೆ ಬಿಟ್ಟರು. ಈ ಸಲ ಡಬ್ಬಿ ನೇರ ಹೊರಟಿತು. ನಡುವೆ ಒಂದು ಸುಳಿ ಅದನ್ನು ಹಿಡಿದು ಕ್ಷಣ ನಿಲ್ಲಿಸಿತು. ಡಬ್ಬಿ ನಿಂತಿತು, ತೂಕದ ಹಿತ್ತಾಳೆ ಗಾಲಿ ನಿಲ್ಲಲಿಲ್ಲ. ಅದೇ ಗುಬ್ಬಿ ಗೂಡು. ದಾರವೆಲ್ಲ ಉಬ್ಬಿ ಗಂಟಾಗಿ, ಮುಂದಿನ ಸೆಳೆತಕ್ಕೆ ಪಟ್ಟನೆ ಹರಿದು, ಡಬ್ಬಿ ಹೋಗೇಬಿಟ್ಟಿತು.

ಜನರ ನಡುವೆ ಯಾರೋ ಹೆಂಗಸು ಅಳತೊಡಗಿದಳು. ಲಗಮಣ್ಣನ ಹೆಂಡತಿ ಎಂದು ಆಮೇಲೆ ತಿಳಿಯಿತು.

ನಾನು ಚೀಲದಿಂದ ನನ್ನ ರೀಲು ತೆಗೆದೆ. ಕೋಲಿಗೆ ಬಿಗಿಯುವಾಗ ಸ್ಕ್ರೂ ಎರಡು ಸಲ ಜಾರಿತು. ನೂರೈವತ್ತು ಗಜ ಹೊಸ ದಾರ ಅದರಲ್ಲಿ ಸುತ್ತಿಯೇ ತಂದಿದ್ದೆ. ಅಪ್ಪಾಸಾಬರು ಗಾಲಿಯನ್ನು ಬೆರಳಿನಿಂದ ಒಮ್ಮೆ ತಿರುಗಿಸಿ ನನ್ನ ಮುಖ ನೋಡಿದರು.

“ಹೋಗತೈತಿ?”

“ಹೋಗತೈತ್ರಿ,” ಎಂದೆ. ಅಷ್ಟು ಗಟ್ಟಿಯಾಗಿ ನಾನು ಅದಕ್ಕೂ ಮೊದಲು ಯಾವ ಕೆಲಸದ ಬಗ್ಗೆಯೂ ಹೇಳಿರಲಿಲ್ಲ.

ಇನ್ನೊಂದು ಡಬ್ಬಿ ಬಿಟ್ಟರು. ಗಾಲಿ ಸದ್ದಿಲ್ಲದೆ ತಿರುಗಿತು. ಡಬ್ಬಿ ನೊರೆಯ ನಡುವೆಯೇ ಹೊರಟಿತು, ನೊರೆಯ ವೇಗದಲ್ಲೇ. ಅಪ್ಪಾಸಾಬರ ಹೆಬ್ಬೆರಳು ಅಂಚಿನ ಮೇಲೆ ಗಾಳಿಯಷ್ಟು ಹಗುರ ನಿಂತಿತ್ತು. ಸುಳಿ ಬಂತು. ಡಬ್ಬಿ ನಿಂತಿತು. ಬೆರಳು ತಾಗಿತು, ಗಾಲಿ ತಟ್ಟನೆ ನಿಂತಿತು. ಸುಳಿ ಬಿಟ್ಟಿತು. ಬೆರಳು ಎದ್ದಿತು, ಗಾಲಿ ಅದೇ ಕ್ಷಣ ಹೊರಟಿತು. ನಾನು ಡಬ್ಬಿಯ ಕಡೆ ನೋಡಲಿಲ್ಲ, ಗಾಲಿಯನ್ನೇ ನೋಡುತ್ತಿದ್ದೆ. ದಾರ ಕಡಿಮೆಯಾಗುತ್ತ ಬಂತು. ಗಾಲಿಯ ನಡುವಿನ ಬಿಳಿ ಲೋಹ ದಾರದ ಸುತ್ತುಗಳ ನಡುವೆ ಕಾಣತೊಡಗಿತು.

“ದಾರ ಮುಗಿಯಾಕ ಬಂತ್ರಿ,” ಎಂದೆ.

“ಸುಮ್ಕಿರು,” ಎಂದರು ಅವರು.

ಡಬ್ಬಿ ಜ್ಯಾಕ್‌ವೆಲ್ಲಿನ ಆಚೆ, ನಡು ಹೊಳೆಯ ಕಡೆ ಸರಿದು ಹೋಗುವಂತಿತ್ತು. ಅಪ್ಪಾಸಾಬರು ಬೆರಳನ್ನು ಒಂದಿಷ್ಟು ಒತ್ತಿದರು. ದಾರ ಬಿಗಿಯಾಯಿತು, ಡಬ್ಬಿ ದಂಡೆಯ ಕಡೆ ವಾಲುತ್ತ ಬಂದು ಕಾಂಕ್ರೀಟಿಗೆ ತಾಗಿತು. ಲಗಮಣ್ಣ ಕಟ್ಟೆಯ ಮೇಲೆ ಬೋರಲು ಮಲಗಿ, ಉದ್ದ ಪೈಪಿನ ತುದಿಗೆ ತಂತಿ ಬಗ್ಗಿಸಿ ಮಾಡಿದ ಕೊಕ್ಕೆಯಿಂದ ದಾರವನ್ನು ಎತ್ತಿಕೊಂಡ. ದಂಡೆಯ ಮೇಲೆ ಎದ್ದ ಕೂಗು ಈಗಲೂ ನನ್ನ ಕಿವಿಯಲ್ಲಿದೆ. ಗಾಲಿಯ ಮೇಲೆ ಉಳಿದಿದ್ದದ್ದು ಬೆರಳೆಣಿಕೆಯ ಸುತ್ತು.

ಮುಂದಿನದು ಅಂಬಿಗರ ಕೆಲಸ. ದಾರ ಕತ್ತರಿಸಿ ಅದಕ್ಕೆ ಸುತಳಿ ಕಟ್ಟಿದೆವು, ಸುತಳಿಗೆ ನೂಲಿನ ಹಗ್ಗ, ಅದಕ್ಕೆ ಮೋಟಾರು ಎತ್ತುವ ದಪ್ಪ ಹಗ್ಗ. ಅಣ್ಣತಮ್ಮ ಇಬ್ಬರೂ ಎಳೆದೆಳೆದು ಅದನ್ನು ಕಟ್ಟೆಯ ಕಂಬಕ್ಕೆ ಬಿಗಿದರು. ಈ ತುದಿಯನ್ನು ನಾವು ದಂಡೆಯ ಮೇಲಿನ ಬೇವಿನ ಮರಕ್ಕೆ ಕಟ್ಟಿದೆವು. ಅಂಬಿಗರು ಹಗ್ಗ ಹಿಡಿದು ಕೈ ಮೇಲೆ ಕೈ ಇಡುತ್ತ ದೋಣಿಯನ್ನು ಇಳಿಸಿಕೊಂಡು ಹೋಗಿ, ಇಬ್ಬರನ್ನೂ ಕೂರಿಸಿಕೊಂಡು, ಬಂದ ಹಾದಿಯಲ್ಲೇ ಮರಳಿ ಬಂದರು. ಹೋಗುವುದಕ್ಕಿಂತ ಬರುವುದಕ್ಕೆ ಮೂರು ಪಟ್ಟು ಹೊತ್ತು ಹಿಡಿಯಿತು. ಸಂಜೆ ಹೊತ್ತು ಮುಳುಗುವ ಮೊದಲು ಎಲ್ಲರೂ ದಂಡೆಯಲ್ಲಿದ್ದರು. ಮರುದಿನ ಬೆಳಿಗ್ಗೆ ನಾನು ನೋಡಿದಾಗ ಜ್ಯಾಕ್‌ವೆಲ್ ಕಟ್ಟೆಸಹಿತ ಮುಳುಗಿ, ಅದರ ಮೇಲೆ ನೀರು ಮಾತ್ರ ಹರಿಯುತ್ತಿತ್ತು.

ಲಗಮಣ್ಣನ ಹೆಂಡತಿ ಅಪ್ಪಾಸಾಬರ ಕಾಲು ಮುಟ್ಟಲು ಬಂದಳು. ಅವರು ಹಿಂದೆ ಸರಿದು, “ನನಗಲ್ಲವಾ. ಹೊಳಿಗಿ ಇಳದವರು ಅಂಬಿಗರು. ದಾರ ಮುಟ್ಟಿಸಿದ್ದು ಈ ನಿಪ್ಪಾಣಿ ಟರ್ನರ್ ಮಾಡಿದ ಗಾಲಿ” ಎಂದರು. ಆಕೆ ನನ್ನ ಕಡೆ ತಿರುಗಿ ಕೈ ಮುಗಿದಳು. ನಾನು “ಪಿನ್ನ ಬರೋಬರಿ ಕುಂತಿತ್ರಿ ಅವ್ವಾರ” ಎಂದುಬಿಟ್ಟೆ. ಸುತ್ತ ನಿಂತವರು ನಕ್ಕರು. ಅವಳೂ ಅಳುತ್ತಲೇ ನಕ್ಕಳು.

ಹೀಗೆ ನಾನು ಒಟ್ಟು ಹನ್ನೊಂದು ರೀಲು ಮಾಡಿದೆ. ತೊಂಬತ್ತರ ದಶಕದ ನಡುವೆ ಕೊಲ್ಹಾಪುರದ ಪೇಟೆಯಿಂದ ಗೇರಿರುವ, ಸ್ಥಿರ ಗಾಲಿಯ ಹೊಸ ರೀಲುಗಳು ಬಂದವು. ಎಸೆಯುವುದು ಸುಲಭ, ಹೆಬ್ಬೆರಳಿನ ಹದ ಕಲಿಯಬೇಕಾಗಿಲ್ಲ. ನಮ್ಮ ರೀಲಿನ ಕೆಲಸ ನಿಂತಿತು. ಅದೇ ಕಾಲಕ್ಕೆ ಪಂಪಿನಲ್ಲೂ ಬುಷ್ಷು ಹೋಗಿ ಬೇರಿಂಗು ಬಂತು, ಆಮೇಲೆ ಕಂಪ್ಯೂಟರ್ ಲೇಥು ಬಂತು. ಅವುಗಳನ್ನು ನಾನು ದೂರುವುದಿಲ್ಲ. ನಾನೂ ಕಲಿತು ಅವುಗಳ ಮೇಲೆ ನಿಂತೆ. ಆದರೆ ಹೊಸಬರಿಗೆ ಒಂದು ಮಾತು: ಯಂತ್ರ ಅಳತೆ ಕೊಟ್ಟ ಮೇಲೂ ಒಮ್ಮೆ ಉಗುರು ಎಳೆದು ನೋಡಿ.

ಆ ವರ್ಷ ಹೊಳೆ ಇಳಿದ ಮೇಲಿನ ಒಂದು ಸಂಗತಿ ಹೇಳಿ ಮುಗಿಸುತ್ತೇನೆ. ಒಂದು ಸಂತೆಯ ದಿನ ಲಗಮಣ್ಣ ನಮ್ಮ ಅಂಗಡಿಗೆ ಬಂದ. ಹೆಗಲ ಮೇಲೆ ಗೋಣಿಚೀಲ. ಅದರಲ್ಲಿ ಆ ಜ್ಯಾಕ್‌ವೆಲ್ಲಿನ ಪಂಪಿನ ಶಾಫ್ಟು, ರಾಡಿ ತುಂಬಿ ಸವೆದ ಬುಷ್ಷು.

“ಹೊಸ ಬುಷ್ ಹಾಕಬೇಕ್ರಿ ಅಣ್ಣಾರ.”

“ಮತ್ತ ಅಲ್ಲೇ ಕೆಲಸಾ ಮಾಡ್ತೀ ಏನೋ?” ಎಂದೆ.

“ಮತ್ತೆಲ್ಲಿ ಹೋಗ್ಲಿರಿ? ಕಬ್ಬಿಗೆ ನೀರು ಬೇಕಲ್ರಿ. ಸೇತುವಿ ಹೊಸಾದು ಹಾಕಾಕತ್ತಾರ. ಈ ಸಲ ಗಟ್ಟಿ ಹಾಕ್ರಿ ಅಂತ ನಾನ ನಿಂತು ಹೇಳೇನಿ.”

ಅವನು ಬಾಗಿಲ ಹತ್ತಿರ ಡಬ್ಬದ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡ. ನಾನು ಗನ್‌ಮೆಟಲ್ ಕಂಚಿನ ಒಂದು ಒಳ್ಳೆಯ ತುಂಡು ಆರಿಸಿ ಲೇಥಿನ ಚಕ್ಕಿಗೆ ಹಿಡಿದೆ. ಬೇರೆ ಕೆಲಸಗಳು ಕಾದಿದ್ದವು, ಬಾಬುರಾವರಿಗೂ ಗೊತ್ತಿತ್ತು. ಮಧ್ಯಾಹ್ನದವರೆಗೆ ಆ ಒಂದೇ ಬುಷ್ಷಿನ ಮುಂದೆ ನಿಂತೆ. ಕೊನೆಗೆ ಶಾಫ್ಟಿಗೆ ಎಣ್ಣೆ ಹಚ್ಚಿ ಬುಷ್ಷು ಏರಿಸಿದೆ. ಅದು ತನ್ನ ಭಾರಕ್ಕೆ ತಾನೇ ನಿಧಾನವಾಗಿ ಇಳಿದು ಕೂತಿತು. ಲಗಮಣ್ಣ ಗೋಣಿಯಲ್ಲಿ ಸುತ್ತಿ, ಹೆಗಲಿಗೇರಿಸಿ, ಬಸ್ ಸ್ಟ್ಯಾಂಡಿನ ಕಡೆ ನಡೆದ.

ಆಮೇಲೆ ಎಷ್ಟೋ ಮಳೆಗಾಲ ಹೋದವು. ಕೃಷ್ಣಾ ದಂಡೆಯ ಎಷ್ಟೋ ಪಂಪುಗಳು ದುರಸ್ತಿಗೆ ಬಂದವು, ಹೋದವು. ಆ ಬುಷ್ಷು ಮಾತ್ರ ಸವೆದಿದೆ ಎಂದು ಮತ್ತೆ ನಮ್ಮ ಅಂಗಡಿಗೆ ಬರಲಿಲ್ಲ.